ಉದ್ಯೋಗ ತರಬೇತಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಎಷ್ಟು ಉಪಯುಕ್ತ?

ಕೈಯಲ್ಲಿ ಕಾಸಿಲ್ಲದ ಯುವಕ ಯುವತಿಯರಿಗೆ ಕಚೇರಿ ಕೆಲಸ ಕಲಿಸಲು ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್ (ಲೆಕ್ಕದ ಹಾಳೆ) ತಂತ್ರಾಂಶ ಕ್ಯಾಲ್ಕ್ ಒಳ್ಳೆಯ ಆಯ್ಕೆ. ಶುಲ್ಕವಿಲ್ಲ, ಖಾತೆ ತೆರೆಯಬೇಕಿಲ್ಲ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ದಾನವಾಗಿ ಬಂದ ಹಳೆಯ ಕಂಪ್ಯೂಟರ್‌ನಲ್ಲಿ 4 ಜಿಬಿ ರ್‍ಯಾಮ್ ಇದ್ದರೆ ಸಾಕು.

ಮೊದಲ ತೊಡಕು ಫೈಲಿನದು. ಕ್ಯಾಲ್ಕ್ ತಾನಾಗಿ ಸೇವ್ ಮಾಡುವುದು ಒಡಿಎಸ್ ಎಂಬ ಬಗೆಯ ಫೈಲ್. ಕೆಲಸ ಕೊಡುವವರು ಸಾಮಾನ್ಯವಾಗಿ ಕೇಳುವುದು ಮೈಕ್ರೋಸಾಫ್ಟ್ ಎಕ್ಸೆಲ್‌ನ ಬಗೆಯಾದ ಎಕ್ಸ್‌ಎಲ್‌ಎಸ್‌ಎಕ್ಸ್. ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ, ಪಾಠ ಶುರುವಾಗುವ ಮುನ್ನವೇ ಎಲ್ಲ ಕಂಪ್ಯೂಟರ್‌ಗಳಲ್ಲೂ ಸೇವ್ ಆಗುವ ಬಗೆಯನ್ನು ಇದಕ್ಕೆ ಬದಲಿಸಿಡಿ.

ಇನ್ನೊಂದು, ಸೊನ್ನೆಯ ಸಮಸ್ಯೆ. 0ಯಿಂದ ಶುರುವಾಗುವ ಫೋನ್ ಸಂಖ್ಯೆ ಟೈಪ್ ಮಾಡಿದರೆ ಆ ಸೊನ್ನೆ ಮಾಯ, ಏಕೆಂದರೆ ಕ್ಯಾಲ್ಕ್ ಅದನ್ನು ಲೆಕ್ಕದ ಅಂಕಿ ಎಂದುಕೊಳ್ಳುತ್ತದೆ. ಮೊದಲೇ ಕಾಲಂ ಆಯ್ದು, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಮಾಡಬೇಕು. ಆಮೇಲೆ ಮಾಡಿದರೆ ಹೋದ ಸೊನ್ನೆ ಮರಳಿ ಬಾರದು. ಹಾಗೆಯೇ, ಪಟ್ಟಿಯಿಂದ ಬೇಕಾದ ಮಾಹಿತಿ ಹುಡುಕಿ ತರುವ ವಿಲುಕಪ್ (VLOOKUP) ಸೂತ್ರದ ನಾಲ್ಕನೇ ಜಾಗಕ್ಕೆ 0 ಹಾಕದಿದ್ದರೆ ಬೇರೆ ಯಾರದೋ ಮಾಹಿತಿ ಬಂದು ಕೂರಬಹುದು, ಎಚ್ಚರಿಕೆಯ ಸೂಚನೆಯೂ ಕಾಣದು. ಡೇಟಾ ಎಂಟ್ರಿ ಕೆಲಸದಲ್ಲಿ ಇಂಥ ತಪ್ಪು ದುಬಾರಿ. ಅಂದಚೆಂದದ ಚಾರ್ಟ್‌ಗಳಿಗಿಂತ ಇದಕ್ಕೇ ಹೆಚ್ಚು ಹೊತ್ತು ಕೊಡಿ.

ಬ್ರೌಸರ್‌ನಲ್ಲಿ ಹಲವರು ಒಂದೇ ಶೀಟನ್ನು ಒಟ್ಟಿಗೆ ತಿದ್ದುವ ಅಭ್ಯಾಸ ಇದರಿಂದ ಸಿಗದು. ಕೊನೆಯ ಒಂದು ವಾರವನ್ನು ಗೂಗಲ್ ಶೀಟ್ಸ್‌ಗೆ ಮೀಸಲಿಡಿ.