ಉಚಿತ ಓಟದ ಆಟಕ್ಕೆ 1,495 ರೂಪಾಯಿ ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಕೆಲಸಕ್ಕಾಗಿ ದಿನವೂ ಬಸ್ಸಿನಲ್ಲಿ ಹೋಗಿಬರುವ ನನ್ನಂಥವರು ಹೊತ್ತು ಕಳೆಯಲು ಮೊಬೈಲಿನಲ್ಲಿ ಓಟದ ಆಟ ಹಾಕಿಕೊಳ್ಳುವುದು ಸಾಮಾನ್ಯ. ನಾನು ಹಾಕಿಕೊಂಡದ್ದೂ ಉಚಿತ ಆಟವೇ. ಆ ಉಚಿತ ಆಟಕ್ಕೆ ವಾರಕ್ಕೆ 299 ರೂಪಾಯಿಯಂತೆ ಐದು ವಾರ ನನ್ನ ಖಾತೆಯಿಂದ ಹಣ ಹೋಗಿದೆ. ಒಟ್ಟು 1,495 ರೂಪಾಯಿ. ಒಂದು ರೂಪಾಯಿಯೂ ಮರಳಿ ಬಂದಿಲ್ಲ.

ಆಟ ಆಡಲು ಯೋಗ್ಯವೇ ಎಂದು ಕೇಳಿದರೆ, ಅಲ್ಲ. 2011ರ ಟೆಂಪಲ್ ರನ್, 2012ರ ಸಬ್‌ವೇ ಸರ್ಫರ್ಸ್ ಆಡಿದವರಿಗೆ ಇದರಲ್ಲಿ ಹೊಸದೇನೂ ಸಿಗುವುದಿಲ್ಲ. ಅದೇ ಎಡಕ್ಕೆ ಬಲಕ್ಕೆ ಸರಿಯುವುದು, ಹಾರುವುದು, ಬಗ್ಗಿ ನುಸುಳುವುದು, ನಾಣ್ಯ ಆಯುವುದು. ಮೊದಲ ಎರಡು ದಿನ ಜಾಹೀರಾತು ಅಪರೂಪವಾಗಿದ್ದುದರಿಂದ ಚೆನ್ನಾಗಿದೆ ಎಂದುಕೊಂಡೆ. ಮೂರನೆಯ ದಿನದಿಂದ ಎಡವಿ ಬಿದ್ದಾಗಲೆಲ್ಲ ಅರ್ಧ ನಿಮಿಷದ ಜಾಹೀರಾತು. ಬಿದ್ದಲ್ಲಿಂದಲೇ ಎದ್ದು ಓಡಬೇಕಾದರೆ ಮೊದಲು ಒಂದು ರತ್ನ, ಆಮೇಲೆ ಎರಡು, ನಾಲ್ಕು, ಎಂಟು. ಇಂಟರ್‌ನೆಟ್ ಆರಿಸಿದರೆ ಆಟ ತೆರೆಯುವುದೇ ಇಲ್ಲ. ಒಬ್ಬರೇ ಆಡುವ ಆಟಕ್ಕೆ ಇಂಟರ್‌ನೆಟ್ ಏಕೆ ಬೇಕು ಎಂದು ನಾನು ಅಂದೇ ಕೇಳಿಕೊಳ್ಳಬೇಕಿತ್ತು.

ಜಾಹೀರಾತಿನಿಂದ ಬೇಸತ್ತು ಕುಳಿತಿದ್ದಾಗಲೇ ‘ಮೂರು ದಿನ ಉಚಿತ, ಜಾಹೀರಾತಿಲ್ಲದೆ ಆಡಿ’ ಎಂಬ ದೊಡ್ಡ ಅಕ್ಷರ ಕಾಣಿಸಿತು. ಅದರ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ, ಆಮೇಲೆ ವಾರಕ್ಕೆ 299 ಎಂದಿತ್ತು. ಓಡುವ ಬಸ್ಸಿನಲ್ಲಿ ನಾನು ಅದನ್ನು ಓದಲಿಲ್ಲ. ಯುಪಿಐ ಪಿನ್ ಕೇಳಿತು, ಕೊಟ್ಟೆ. ಆಟೋಪೇಗೆ, ಅಂದರೆ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಗೆ, ಒಮ್ಮೆ ಒಪ್ಪಿಗೆ ಕೊಟ್ಟರೆ 15,000 ರೂಪಾಯಿವರೆಗಿನ ಕಂತಿಗೆ ಸಾಮಾನ್ಯವಾಗಿ ಮತ್ತೆ ಪಿನ್ ಕೇಳುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮರುದಿನವೇ ಬೇಸರವಾಗಿ ಆಟವನ್ನು ಅಳಿಸಿದೆ, ಆಟವೇ ಹೋದ ಮೇಲೆ ಚಂದಾ ಹೇಗೆ ಉಳಿದೀತು ಎಂದು ನಿಶ್ಚಿಂತೆಯಿಂದಿದ್ದೆ. ಉಳಿಯುತ್ತದೆ. ಆಟ ಅಳಿಸಿದರೆ ಚಂದಾ ರದ್ದಾಗುವುದಿಲ್ಲ.

ತಿಂಗಳ ಕೊನೆಯಲ್ಲಿ ಪಿ.ಜೆ. ಬಡಾವಣೆಯ ಔಷಧಿ ಅಂಗಡಿಯಲ್ಲಿ ಅಮ್ಮನ ಮಾತ್ರೆಗಳಿಗೆ ಹಣ ಪಾವತಿಸಲು ಹೋದರೆ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ಬಂತು. ಹಿಂದೆ ನಾಲ್ಕು ಜನ ನಿಂತಿದ್ದರು. ಅಂಗಡಿಯವರು ಏನೂ ಅನ್ನದೆ ಮಾತ್ರೆಗಳ ಪೊಟ್ಟಣವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆ ಕ್ಷಣದ ಅವಮಾನ ನನಗೆ ಇನ್ನೂ ಹೋಗಿಲ್ಲ. ಪಕ್ಕಕ್ಕೆ ಸರಿದು ಬ್ಯಾಂಕಿನ ಸಂದೇಶಗಳನ್ನು ನೋಡುತ್ತಾ ಹೋದರೆ 299, 299, ಮತ್ತೆ 299. ಸಂದೇಶಗಳು ಬಂದೇ ಇದ್ದವು. ಅವುಗಳಲ್ಲಿ ಆಟದ ಹೆಸರಿಲ್ಲದ್ದರಿಂದ ನಾನು ಗಮನಿಸಿರಲಿಲ್ಲ.

ಆಟದ ಕಂಪನಿಗೆ ಅಂದು ರಾತ್ರಿಯೇ ಬರೆದೆ. ‘ನಮ್ಮ ಆಟವನ್ನು ಇಷ್ಟಪಟ್ಟಿದ್ದಕ್ಕೆ ಧನ್ಯವಾದ’ ಎಂದು ಮೊದಲ ಉತ್ತರ. ನಾನು ಇಷ್ಟಪಟ್ಟೆನೆಂದು ಬರೆದಿರಲಿಲ್ಲ, ಹಣ ಕೊಡಿ ಎಂದು ಬರೆದಿದ್ದೆ. ಎರಡನೆಯ ಉತ್ತರ, ‘ಷರತ್ತುಗಳಿಗೆ ನೀವೇ ಒಪ್ಪಿದ್ದೀರಿ’. ಪಿನ್ ಕೊಟ್ಟ ಮರುದಿನವೇ ಆಟವನ್ನು ಅಳಿಸಿದ್ದೇನೆ, ಐದು ವಾರ ನಾನು ಅದನ್ನು ತೆರೆದೇ ಇಲ್ಲ ಎಂದು ಮತ್ತೆ ಬರೆದರೆ, ಮೊದಲ ಉತ್ತರವನ್ನೇ ಅಕ್ಷರ ಬದಲಿಸದೆ ಮತ್ತೆ ಕಳುಹಿಸಿದರು. ಧನ್ಯವಾದವಂತೆ! ಗೂಗಲ್ ಪ್ಲೇನಲ್ಲಿ ನೇರವಾಗಿ ರಿಫಂಡ್ ಕೇಳಲು ಸಾಮಾನ್ಯವಾಗಿ ಇರುವ 48 ಗಂಟೆಗಳ ಅವಧಿ ಅಷ್ಟರಲ್ಲಿ ಮೀರಿತ್ತು.

ಉಚಿತ ಪ್ರಯೋಗ ಎಂದು ಹೇಳಿ ಪಿನ್ ಕೇಳುವ ಆಟಕ್ಕೆ ಪಿನ್ ಕೊಡಬೇಡಿ. ಕೊಟ್ಟಿದ್ದರೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ, ಪಾವತಿ ಮತ್ತು ಚಂದಾದಾರಿಕೆ ಎಂಬಲ್ಲಿಗೆ ಹೋಗಿ ಈಗಲೇ ರದ್ದುಮಾಡಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿಯನ್ನೂ ನೋಡಿ. ನಿನ್ನೆ ಬಸ್ಸಿನಲ್ಲಿ ಇದನ್ನೆಲ್ಲ ಪಕ್ಕದಲ್ಲಿ ಕುಳಿತಿದ್ದ ಶಿಕ್ಷಕಿಯೊಬ್ಬರಿಗೆ ಹೇಳಿದಾಗ ಅವರು ತಮ್ಮ ಫೋನ್ ತೆಗೆದು ನೋಡಿದರು. ಅವರ ಮಗ ಹಾಕಿಕೊಂಡಿದ್ದ ಬೇರೊಂದು ಆಟದ ವಾರದ ಚಂದಾ ಅಲ್ಲಿ ನಡೆಯುತ್ತಲೇ ಇತ್ತು. ಬಸ್ಸು ಭರಮಸಾಗರ ಮುಟ್ಟುವಷ್ಟರಲ್ಲಿ ಅದನ್ನು ರದ್ದುಮಾಡಿದೆವು.