ವ್ಯಾಗ್ಮಿ ಎರಡನೇ ಆವೃತ್ತಿ: ಓದಲು ಸಲೀಸು, ಬರೆಯುವಾಗ ಎಚ್ಚರ

ಈಥೀರಿಯಂ ಸ್ಮಾರ್ಟ್ ಕಾಂಟ್ರಾಕ್ಟ್‌ಗಳಿಗೆ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂಗಳಿಗೆ) ರಿಯಾಕ್ಟ್‌ನಲ್ಲಿ, ಅಂದರೆ ಕಾಂಪೊನೆಂಟ್ ಎಂಬ ತುಣುಕುಗಳನ್ನು ಜೋಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ, ಪರದೆ ಕಟ್ಟುವವರ ನಿತ್ಯದ ತಲೆನೋವೆಂದರೆ ಸ್ಟೇಟ್ (ಆಪ್‌ನ ಸದ್ಯದ ಮೌಲ್ಯಗಳು) ಎರಡು ಕಡೆ ಇರುವುದು. ಕಾಂಪೊನೆಂಟಿನೊಳಗಿನ ಮೌಲ್ಯ ಬದಲಾದರೆ ಪರದೆ ಆ ಕ್ಷಣವೇ ಬದಲಾಗುತ್ತದೆ, ಅದಕ್ಕೆ ಖರ್ಚೂ ಇಲ್ಲ. ಆದರೆ ಕಾಂಟ್ರಾಕ್ಟಿನ ಸ್ಟೋರೇಜ್‌ನಲ್ಲಿ ಸೊನ್ನೆಯಿದ್ದ ಒಂದು 32 ಬೈಟ್ ಸ್ಲಾಟಿಗೆ ಹೊಸ ಮೌಲ್ಯ ಬರೆಯಬೇಕಾದರೆ ಬಳಕೆದಾರರು ವ್ಯಾಲೆಟ್‌ನಲ್ಲಿ ಸಹಿ ಹಾಕಬೇಕು, 20,000ಕ್ಕೂ ಹೆಚ್ಚು ಗ್ಯಾಸ್ (ವಹಿವಾಟಿನ ಶುಲ್ಕವನ್ನು ಅಳೆಯುವ ಏಕಮಾನ) ತೆರಬೇಕು, 12 ಸೆಕೆಂಡಿನ ಅಂತರದಲ್ಲಿ ಬರುವ ಬ್ಲಾಕಿಗಾಗಿ ಕಾಯಬೇಕು. ಈ ಎರಡು ಸ್ಟೇಟ್‌ಗಳ ನಡುವಿನ ಅಂತರವನ್ನು ನಿಭಾಯಿಸಲು ನೆರವಾಗುವ ಮುಕ್ತ ಆಕರ ಲೈಬ್ರರಿ ವ್ಯಾಗ್ಮಿ.

ಚೈನ್‌ನಲ್ಲಿರುವ ಮೌಲ್ಯ ಕಾಂಪೊನೆಂಟಿನ ಸ್ವತ್ತಲ್ಲ, ನಮ್ಮಲ್ಲಿರುವುದು ಅದರ ಹಳತಾಗಬಲ್ಲ ಪ್ರತಿ ಮಾತ್ರ ಎಂಬ ನಿಲುವು ಎರಡನೇ ಆವೃತ್ತಿಯ ವಿನ್ಯಾಸದಲ್ಲಿ ಸ್ಪಷ್ಟವಾಗಿದೆ. ಆದ್ದರಿಂದಲೇ ಓದುವ ಕೆಲಸವೆಲ್ಲ ಹೊರಗಿನಿಂದ ತಂದ ಮಾಹಿತಿಯನ್ನು ಕಾದಿಡುವ ಟ್ಯಾನ್‌ಸ್ಟ್ಯಾಕ್ ಕ್ವೆರಿ ಎಂಬ ಲೈಬ್ರರಿಯ ಕ್ಯಾಶ್ ಮೂಲಕ ನಡೆಯುತ್ತದೆ. ಎಬಿಐಯನ್ನು (ಕಾಂಟ್ರಾಕ್ಟಿನ ಫಂಕ್ಷನ್‌ಗಳ ವಿವರಪಟ್ಟಿ) ಸ್ಥಿರ ಮೌಲ್ಯವಾಗಿ ಘೋಷಿಸಿದರೆ ಫಂಕ್ಷನ್ ಹೆಸರು ತಪ್ಪಾಗಿ ಬರೆದಾಗ ಟೈಪ್‌ಸ್ಕ್ರಿಪ್ಟ್ ಎಡಿಟರ್‌ನಲ್ಲೇ ಹಿಡಿದು ತೋರಿಸುತ್ತದೆ. ಮೊತ್ತಗಳು ಬಿಗ್‌ಇಂಟ್ (ಎಷ್ಟೇ ದೊಡ್ಡದಾದರೂ ನಿಖರವಾಗಿ ಉಳಿಯುವ ಪೂರ್ಣಾಂಕ) ಆಗಿ ಬರುವುದರಿಂದ ನಿಖರತೆ ಕಳೆಯುವುದಿಲ್ಲ. ಯುಎಸ್‌ಡಿಸಿ ಟೋಕನ್‌ಗೆ 6 ದಶಮಾಂಶ, ಈಥರ್‌ಗೆ 18 ಎಂಬುದನ್ನು ತೋರಿಸುವ ಹಂತದಲ್ಲಿ ಮಾತ್ರ ನೋಡಿಕೊಂಡರೆ ಸಾಕು. ಈ ಭಾಗದ ಬಗ್ಗೆ ನನ್ನದೇನೂ ತಕರಾರಿಲ್ಲ.

ಬರೆಯುವ ಭಾಗದಲ್ಲಿ ಮಾತ್ರ ಕಣ್ಣು ತೆರೆದಿಟ್ಟುಕೊಂಡಿರಬೇಕು. ಕಾಂಟ್ರಾಕ್ಟಿಗೆ ಬರೆಯಲು ಬಳಸುವ ಹುಕ್ (ಕಾಂಪೊನೆಂಟಿನೊಳಗೆ ಕರೆಯುವ ರಿಯಾಕ್ಟ್ ಫಂಕ್ಷನ್) ಯೂಸ್‌ರೈಟ್‌ಕಾಂಟ್ರಾಕ್ಟ್ ಕೊಡುವ 'ಈಸ್‌ಸಕ್ಸೆಸ್' ನಿಜವಾದರೆ ವಹಿವಾಟಿಗೆ ಹ್ಯಾಶ್ (ಅದರ ಗುರುತಿನ ಸಂಖ್ಯೆ) ಸಿಕ್ಕಿತೆಂದಷ್ಟೇ ಅರ್ಥ. ಅದು ಬ್ಲಾಕಿಗೆ ಸೇರಿತೇ, ಅಲ್ಲಿ ವಿಫಲವಾಯಿತೇ ಎಂಬುದು ಇನ್ನೂ ತಿಳಿದಿರುವುದಿಲ್ಲ. ಅದನ್ನು ತಿಳಿಯಲು ರಿಸೀಟ್‌ಗಾಗಿ (ವಹಿವಾಟು ಬ್ಲಾಕಿಗೆ ಸೇರಿದ ದಾಖಲೆಗಾಗಿ) ಕಾಯುವ ಬೇರೊಂದು ಹುಕ್ ಇದೆ. ಅಲ್ಲೂ ಒಂದು ಸೂಕ್ಷ್ಮವಿದೆ: ಕಳಿಸಿಯಾದ ವಹಿವಾಟಿಗೆ ಬಳಕೆದಾರರು ವ್ಯಾಲೆಟ್‌ನಲ್ಲಿ 'ರದ್ದು' ಒತ್ತಿದರೆ ಅದೇ ನಾನ್ಸ್‌ನ (ಖಾತೆಯ ವಹಿವಾಟುಗಳ ಕ್ರಮಸಂಖ್ಯೆ) ಇನ್ನೊಂದು ವಹಿವಾಟು ಹೋಗುತ್ತದೆ, ಹುಕ್ ಆ ಬದಲಿ ವಹಿವಾಟಿನ ರಿಸೀಟನ್ನೇ ತಂದು ಯಶಸ್ಸೆಂದು ವರದಿ ಮಾಡುತ್ತದೆ. ವಹಿವಾಟು ಬದಲಿಯಾದಾಗ ಓಡುವ 'ಆನ್‌ರಿಪ್ಲೇಸ್ಡ್'ನಲ್ಲಿ ಕಾರಣವನ್ನು ಪರಿಶೀಲಿಸದಿದ್ದರೆ, ಹಣ ಕಟ್ಟದವರಿಗೂ 'ಠೇವಣಿ ಜಮೆಯಾಗಿದೆ' ಎಂಬ ಹಸಿರು ಪಟ್ಟಿ ಕಾಣುತ್ತದೆ. ಈ ಹಂತಗಳನ್ನು ಬೇರೆಬೇರೆಯಾಗಿ ಇಟ್ಟಿರುವುದು ಸರಿಯಾದ ಕ್ರಮವೇ, ಹೆಸರಿಡುವಾಗ ಇನ್ನಷ್ಟು ಜಾಗ್ರತೆ ವಹಿಸಬಹುದಿತ್ತು.

ಇನ್ನು, ರಿಸೀಟ್ ಬಂದ ಮಾತ್ರಕ್ಕೆ ಹಿಂದೆ ಓದಿದ ಮೌಲ್ಯ ತಾನಾಗಿ ಹೊಸದಾಗುವುದಿಲ್ಲ. ಟೋಕನ್ ಠೇವಣಿಯ ಫಾರ್ಮನ್ನೇ ನೋಡಿ: ಮೊದಲು ಅಪ್ರೂವ್ (ಟೋಕನ್ ತೆಗೆದುಕೊಳ್ಳಲು ಕಾಂಟ್ರಾಕ್ಟಿಗೆ ಅನುಮತಿ), ಆಮೇಲೆ ಠೇವಣಿ. ಅಪ್ರೂವ್ ಬ್ಲಾಕಿಗೆ ಸೇರಿದರೂ ಕ್ಯಾಶ್‌ನಲ್ಲಿ ಹಳೆಯ ಅಲೋವನ್ಸ್ (ಅನುಮತಿಸಿದ ಮೊತ್ತ) ಸೊನ್ನೆಯೇ ಉಳಿದಿದ್ದರೆ ಬಟನ್ ಮತ್ತೆ 'ಅಪ್ರೂವ್' ಎಂದೇ ತೋರುತ್ತದೆ, ಬಳಕೆದಾರರು ಮತ್ತೆ ಒತ್ತುತ್ತಾರೆ, ಗ್ಯಾಸ್ ವ್ಯರ್ಥವಾಗುತ್ತದೆ. ಮೊದಲ ಆವೃತ್ತಿಯಲ್ಲಿ ಪ್ರತಿ ಬ್ಲಾಕಿಗೂ ತಾನಾಗಿ ಓದಿಸುವ 'ವಾಚ್' ಸೌಲಭ್ಯ ಓದುವ ಹುಕ್‌ಗಳಲ್ಲೇ ಇತ್ತು. ಎರಡನೇ ಆವೃತ್ತಿಯಲ್ಲಿ ಅದನ್ನು ತೆಗೆದಿದ್ದಾರೆ, ಬ್ಲಾಕಿಗೊಮ್ಮೆ ತಾನಾಗಿ ಹೋಗುತ್ತಿದ್ದ ಆರ್‌ಪಿಸಿ ಕರೆಗಳೂ (ಚೈನ್‌ನ ಪ್ರತಿಯಿರುವ ಕಂಪ್ಯೂಟರ್, ಅಂದರೆ ನೋಡ್‌ಗೆ ಕಳಿಸುವ ಕೋರಿಕೆಗಳು) ಅದರಿಂದ ನಿಂತಿವೆ. ಆರ್‌ಪಿಸಿ ಬಿಲ್ ಕಟ್ಟುವವರು ಇದನ್ನು ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ರಿಸೀಟ್ ಬಂದೊಡನೆ ಯಾವ ಯಾವ ಕ್ವೆರಿ ಹಳತಾಯಿತೆಂದು ಗುರುತಿಸಿ ಇನ್‌ವ್ಯಾಲಿಡೇಟ್ ಮಾಡಿ ಮತ್ತೆ ಓದಿಸುವ ಹೊಣೆ ಈಗ ಪೂರ್ತಿಯಾಗಿ ನಮ್ಮದು. ಹಲವು ಕಾಂಟ್ರಾಕ್ಟ್‌ಗಳಿರುವ ಆಪ್‌ನಲ್ಲಿ ಈ ಪಟ್ಟಿ ಬೇಗ ಬೆಳೆಯುತ್ತದೆ. ಆರ್‌ಪಿಸಿ ಸೇವೆಯ ಹಿಂದೆ ಹಲವು ನೋಡ್‌ಗಳಿದ್ದರೆ, ಒಂದು ಬ್ಲಾಕ್ ಹಿಂದಿರುವ ನೋಡ್‌ನಿಂದ ಹಳೆಯ ಉತ್ತರವೇ ಮತ್ತೆ ಬರುವುದೂ ಉಂಟು. ಹೀಗಾಗಿ ಅಲೋವನ್ಸ್‌ನಂಥ ಮೌಲ್ಯಗಳನ್ನು ರಿಸೀಟಿನ ಬ್ಲಾಕ್ ಸಂಖ್ಯೆ ಕೊಟ್ಟೇ ಓದಿಸುವುದು ಕ್ಷೇಮ.

ಪುಟವನ್ನು ಸರ್ವರ್‌ನಲ್ಲೇ ಸಿದ್ಧಪಡಿಸಬಲ್ಲ ರಿಯಾಕ್ಟ್ ಚೌಕಟ್ಟು ನೆಕ್ಸ್ಟ್‌ಜೆಎಸ್ ಬಳಸುವವರು ವ್ಯಾಲೆಟ್ ಸಂಪರ್ಕದ ಸ್ಟೇಟನ್ನು ಕುಕಿಯಲ್ಲಿಡುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಲಿ. ಇಲ್ಲವಾದರೆ ಪುಟ ತೆರೆದಾಗ ಕ್ಷಣಕಾಲ 'ಸಂಪರ್ಕವಿಲ್ಲ' ಎಂದು ತೋರಿಸಿ ಆಮೇಲೆ ಬದಲಾಗುತ್ತದೆ. ಒಂದೆರಡು ಮೌಲ್ಯ ಓದಿ ತೋರಿಸುವ ಪುಟಕ್ಕೆ ವ್ಯಾಗ್ಮಿ ಬೇಡ, ಅದರ ತಳಹದಿಯಾದ ವಿಯೆಮ್ ಲೈಬ್ರರಿ ಒಂದೇ ಸಾಕು. ಬಳಕೆದಾರರು ಸಹಿ ಹಾಕಿ ಹಣ ಕಳಿಸುವ ಆಪ್ ಆದರೆ ನಾನು ವ್ಯಾಗ್ಮಿಯನ್ನೇ ಆರಿಸುತ್ತೇನೆ, ರಿಸೀಟ್ ಮತ್ತು ಇನ್‌ವ್ಯಾಲಿಡೇಷನ್ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವ ಸ್ವಂತದ ಒಂದು ಹುಕ್ ಬರೆದುಕೊಂಡ ನಂತರ.