ಪ್ರಿಂಟರ್, ಕಟರ್ ಎರಡನ್ನೂ ಜೊತೆಗೆ ಓಡಿಸಿ ನೋಡದೆ ದುಡ್ಡು ಕೊಡಬೇಡಿ

ಸ್ಟಿಕರ್, ಡೆಕಲ್ ಮಾಡುವ ಸಣ್ಣ ಉದ್ಯೋಗ ಶುರು ಮಾಡಬೇಕು ಅಂತ ಮೆಷಿನ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಡ್ವಾನ್ಸ್ ಕೊಡುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು.

ನಮಗೆ ಒಬ್ಬ ಡೀಲರ್ ಪ್ರಿಂಟರ್ ಮತ್ತು ಕಟರ್ ಎರಡನ್ನೂ ಸೆಟ್ ಅಂತ ಸೇರಿಸಿ ಮಾರಿದರು. ಪ್ರಿಂಟರ್ ಎಕೋ ಸಾಲ್ವೆಂಟ್ (ದ್ರಾವಕ ಬೆರೆತ ಇಂಕ್ ಬಳಸುವಂಥದ್ದು), ಸೆಕೆಂಡ್ ಹ್ಯಾಂಡ್. ಕಟರ್ ಹೊಸದು. ಬೇರೆ ಬೇರೆಯಾಗಿ ನೋಡಿದರೆ ಎರಡೂ ಓಡುತ್ತಿದ್ದವು. ಒಂದರಲ್ಲಿ ಪ್ರಿಂಟ್ ಹೊಡೆದು ಇನ್ನೊಂದರಲ್ಲಿ ಕತ್ತರಿಸಲು ಹೋದಾಗ ಮಾತ್ರ ಹೊಂದಲೇ ಇಲ್ಲ. ಹಾಳಾದ ವಿನೈಲ್ (ಸ್ಟಿಕರ್ ಮಾಡುವ ಅಂಟಿನ ಪ್ಲಾಸ್ಟಿಕ್ ಹಾಳೆ), ತಡವಾದ ಆರ್ಡರ್, ಬೇರೆ ಕಡೆ ಹೋದ ಗಿರಾಕಿಗಳು, ಎಲ್ಲವೂ ನಮ್ಮ ತಲೆ ಮೇಲೇ ಬಂತು.

"ಪ್ರಿಂಟ್ ಆದ ಸ್ಟಿಕರಿನ ಸುತ್ತ ತಾನಾಗೇ ಕಟ್ ಮಾಡುತ್ತಾ?" ಅಂತ ನಾನು ನೇರವಾಗಿಯೇ ಕೇಳಿದ್ದೆ. "ಮಾಡುತ್ತೆ ಸರ್, ಲೇಸರ್ ಇದೆಯಲ್ಲ" ಅಂದರು. ಮೋಸ ಇದ್ದದ್ದು ಈ ಉತ್ತರದಲ್ಲೇ.

ಅಗ್ಗದ ಕಟರ್‌ಗಳಲ್ಲಿ ಬ್ಲೇಡಿನ ಪಕ್ಕ ಒಂದು ಕೆಂಪು ಚುಕ್ಕಿ ಬೀಳುತ್ತದೆ. ಅದು ಲೇಸರ್ ಪಾಯಿಂಟರ್, ಅಷ್ಟೇ. ಅದಕ್ಕೆ ಏನೂ ಕಾಣಿಸುವುದಿಲ್ಲ. ಬಾಣದ ಬಟನ್ ಒತ್ತಿ ಒತ್ತಿ ಆ ಚುಕ್ಕಿಯನ್ನು ಹಾಳೆಯ ಮೂಲೆಯಲ್ಲಿ ಪ್ರಿಂಟ್ ಆದ ಗುರುತಿನ ಮೇಲೆ ನಾವೇ ತಂದು ನಿಲ್ಲಿಸಬೇಕು. ಒಂದು ಮೂಲೆ ಆದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಕೂದಲೆಳೆಯಷ್ಟು ಆಚೀಚೆ ಆದರೂ ಮೆಷಿನ್ ಅದನ್ನೇ ಸರಿ ಅಂದುಕೊಂಡು ಕತ್ತರಿಸುತ್ತದೆ. ಆಪ್ಟಿಕಲ್ ಸೆನ್ಸರ್ ಬೇರೆಯೇ ವಸ್ತು. ಮೊದಲ ಗುರುತಿನ ಹತ್ತಿರ ಬಿಟ್ಟರೆ ಸಾಕು, ಉಳಿದವನ್ನು ಅದೇ ಹುಡುಕಿ ಓದುತ್ತದೆ. ಹಾಳೆ ಓರೆಯಾಗಿ ಕೂತಿದೆಯಾ, ಪ್ರಿಂಟ್ ಸ್ವಲ್ಪ ಹಿಗ್ಗಿದೆಯಾ ಅಂತ ಲೆಕ್ಕ ಹಾಕಿ, ಕಟ್ ಗೆರೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಮಾರುವವರ ಹಾಳೆಯಲ್ಲಿ ಎರಡಕ್ಕೂ "ಕಾಂಟೂರ್ ಕಟ್", ಅಂದರೆ ಚಿತ್ರದ ಸುತ್ತ ಕತ್ತರಿಸುವುದು, ಅಂತಲೇ ಬರೆದಿರುತ್ತಾರೆ.

ಡೆಮೊದಲ್ಲಿ ತೋರಿಸಿದ್ದು ಎ4 ಅಳತೆಯ ಒಂದು ಚಿಕ್ಕ ಹಾಳೆ. ಅಷ್ಟು ಚಿಕ್ಕದರಲ್ಲಿ ಯಾವ ಕಟರ್ ಆದರೂ ಸರಿಯಾಗಿಯೇ ಕಾಣುತ್ತದೆ. ಮೊದಲ ದೊಡ್ಡ ಆರ್ಡರ್ ದುಂಡು ಸ್ಟಿಕರ್‌ಗಳದ್ದು, ರೋಲಿನ ಮೇಲೆ ಉದ್ದಕ್ಕೆ ಸಾಲು ಸಾಲಾಗಿ ಪ್ರಿಂಟ್ ಹೊಡೆದಿದ್ದೆವು. ಮೊದಲ ಸಾಲು ಚೆನ್ನಾಗಿ ಬಂತು. ಸ್ವಲ್ಪ ಮುಂದೆ ಹೋದಂತೆ ವೃತ್ತದ ಒಂದು ಬದಿಗೆ ಉಗುರಿನ ಅಂಚಿನಷ್ಟು ಬಿಳಿ ಕಾಣಿಸಿತು. ಅದರ ಮುಂದಿನ ಸಾಲುಗಳಲ್ಲಿ ಬಿಳಿ ಅಗಲವಾಗುತ್ತಾ ಹೋಯಿತು. ಕೊನೆಯ ಸಾಲಿಗೆ ಬರುವಾಗ ಬ್ಲೇಡು ಅಕ್ಷರಗಳ ಮೇಲೇ ಹೋಗುತ್ತಿತ್ತು.

ಇದಕ್ಕೆ ಕಾರಣವೂ ಇದೆ. ಎಕೋ ಸಾಲ್ವೆಂಟ್ ಪ್ರಿಂಟರಿನಲ್ಲಿ ಹೀಟರ್ ಇರುತ್ತದೆ. ವಿನೈಲ್ ಬಿಸಿಯಾಗುತ್ತದೆ, ಎಳೆತಕ್ಕೆ ಸಿಗುತ್ತದೆ, ತಣ್ಣಗಾದ ಮೇಲೆ ಅಳತೆ ಸ್ವಲ್ಪ ಬದಲಾಗಿರುತ್ತದೆ. ಮೇಲೆ ಲ್ಯಾಮಿನೇಷನ್ ಹಾಕಿದರೆ ಇನ್ನೊಂದು ಎಳೆತ. ಅದರ ಜೊತೆಗೆ ಕಟರಿನ ರೋಲರ್ ಹಾಳೆಯನ್ನು ನೇರವಾಗಿ ಎಳೆಯದೆ ಒಂದು ಕಡೆಗೆ ಸರಿಸುತ್ತಿದ್ದರೆ, ಉದ್ದ ಹೆಚ್ಚಾದಷ್ಟೂ ತಪ್ಪು ಹೆಚ್ಚಾಗುತ್ತದೆ. ಡಿಸೈನಿನಲ್ಲಿ ಸಾಮಾನ್ಯವಾಗಿ 1ರಿಂದ 2 ಮಿಲಿಮೀಟರ್ ಬ್ಲೀಡ್ (ಕಟ್ ಗೆರೆಯ ಆಚೆಗೂ ಚಾಚುವ ಬಣ್ಣ) ಬಿಡುತ್ತೇವೆ, ಅಲ್ವಾ? ತಪ್ಪು ಅದಕ್ಕಿಂತ ಜಾಸ್ತಿಯಾದರೆ ಮುಚ್ಚಿಡಲು ದಾರಿಯೇ ಇಲ್ಲ.

ಡೀಲರ್ ಪದೇ ಪದೇ ಹೇಳುತ್ತಿದ್ದದ್ದು ಗ್ರಾಂ ಲೆಕ್ಕ. ಇಷ್ಟು ಗ್ರಾಂ ಒತ್ತಡ, ಅಷ್ಟು ಗ್ರಾಂ ಒತ್ತಡ ಅಂತ. ಒತ್ತಡ ಎಷ್ಟಿದ್ದರೆ ಎಷ್ಟು ದಪ್ಪದ ವಸ್ತು ಕತ್ತರಿಸಬಹುದು ಅನ್ನೋದಷ್ಟೇ ಅದರಿಂದ ಗೊತ್ತಾಗುತ್ತದೆ. ಗೆರೆ ಸರಿಯಾದ ಜಾಗಕ್ಕೆ ಬೀಳುತ್ತದೆಯೇ ಅನ್ನುವುದು ಗೊತ್ತಾಗುವುದಿಲ್ಲ. ಈ ಕೆಲಸದವರು ವರ್ಷಗಳಿಂದ ನೆಚ್ಚಿಕೊಂಡಿರುವ ರೋಲ್ಯಾಂಡ್ ಜಿಎಸ್-24 ಕಟರಿನ ಗರಿಷ್ಠ ಒತ್ತಡ 350 ಗ್ರಾಂ. ಅಗ್ಗದ ಕಟರ್‌ಗಳ ಹಾಳೆಯಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆ ಇರುವುದುಂಟು. ಆ ಸಂಖ್ಯೆಯನ್ನು ನೋಡಿ ಬೆಲೆ ಕಟ್ಟಬೇಡಿ.

ನೋಡಬೇಕಾದದ್ದು ಹೀಗೆ. ಬ್ಲೇಡ್ ತೆಗೆಸಿ, ಅದೇ ಜಾಗಕ್ಕೆ ಪೆನ್ ಹಾಕಿಸಿ. ನಿಮ್ಮ ದೊಡ್ಡ ಕೆಲಸ ಎಷ್ಟು ಉದ್ದ ಇರುತ್ತದೋ ಅಷ್ಟುದ್ದದ ಒಂದು ಆಯತ ಬರೆಸಿ. ಹಾಳೆ ತೆಗೆಯದೆ, ಅದೇ ಶುರುವಿನ ಜಾಗದಿಂದ ಅದೇ ಆಯತವನ್ನು ಇನ್ನೊಮ್ಮೆ ಬರೆಸಿ. ಎರಡು ಸಲದ ಗೆರೆ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿ ಕಂಡರೆ ಮೆಷಿನ್ ಹಾಳೆಯನ್ನು ನೇರವಾಗಿ ಎಳೆಯುತ್ತಿದೆ. ದೂರದ ತುದಿಯಲ್ಲಿ ಎರಡು ಗೆರೆ ಬೇರೆ ಬೇರೆ ಕಂಡರೆ ಅಲ್ಲಿಂದ ಎದ್ದು ಬನ್ನಿ. ಈ ಪರೀಕ್ಷೆಗೆ ಒಂದು ತುಂಡು ವಿನೈಲ್, ಸ್ವಲ್ಪ ಹೊತ್ತು ಸಾಕು. ಬೇಡ ಅನ್ನುವ ಡೀಲರ್ ಹತ್ತಿರ ವ್ಯವಹಾರವೇ ಬೇಡ.

ಇನ್ನು ಪ್ರಿಂಟರ್. ನಮಗೆ ತೋರಿಸಿದ್ದು ಬಣ್ಣ ತುಂಬಿದ ಒಂದು ಫೋಟೊ ಪ್ರಿಂಟ್. ನೋಡಲು ಸೊಗಸಾಗಿತ್ತು. ಆದರೆ ಹೂವು, ಎಲೆ, ನೆರಳು ತುಂಬಿದ ಫೋಟೊದಲ್ಲಿ ಒಂದಷ್ಟು ನಾಝಲ್ (ಇಂಕ್ ಚಿಮ್ಮುವ ಸಣ್ಣ ರಂಧ್ರ) ಸತ್ತಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಸ್ಟಿಕರ್ ಕೆಲಸದಲ್ಲಿ ಬರುವುದು ಬಹುಪಾಲು ಒಂದೇ ಬಣ್ಣ ತುಂಬಿದ ಲೋಗೊಗಳು. ಅಲ್ಲಿ ಸಣ್ಣ ಪಟ್ಟಿಯೂ ಎದ್ದು ಕಾಣುತ್ತದೆ. ಮನೆಗೆ ತಂದ ಮೇಲೆ ಕೆಂಪು ಲೋಗೊ ಹೊಡೆದಾಗ ಅಡ್ಡಡ್ಡ ತೆಳು ಗೆರೆಗಳು ಬಂದವು. ನಾಝಲ್ ಚೆಕ್, ಅಂದರೆ ಎಲ್ಲ ನಾಝಲ್‌ಗಳ ಗೆರೆ ತೋರಿಸುವ ಪರೀಕ್ಷಾ ಪ್ರಿಂಟ್, ತೆಗೆದರೆ ಮಜೆಂತಾದಲ್ಲಿ (ಗುಲಾಬಿ-ಕೆಂಪು ಇಂಕ್) ಒಂದು ಕಡೆ ಚಿಕ್ಕ ಗೆರೆಗಳೇ ಇಲ್ಲ. ಕ್ಲೀನಿಂಗ್ ಮಾಡಿದೆವು. ಮತ್ತೆ ಅದೇ ಜಾಗ ಖಾಲಿ.

ಇದನ್ನು ಎಲ್ಲರೂ ತಿಳಿದಿರಬೇಕು. ಕ್ಲೀನಿಂಗ್ ಮಾಡಿದಂತೆ ಖಾಲಿ ಜಾಗ ಬೇರೆ ಬೇರೆ ಕಡೆ ಕಾಣಿಸಿಕೊಂಡರೆ ಬಹಳ ಸಲ ಇಂಕ್ ಬರುವ ದಾರಿಯಲ್ಲಿ ತೊಂದರೆ, ಗಾಳಿ ಸೇರಿರಬಹುದು ಅಥವಾ ಡ್ಯಾಂಪರ್ (ಹೆಡ್ಡಿಗೆ ಇಂಕ್ ಹೋಗುವ ದಾರಿಯ ಚಿಕ್ಕ ಭಾಗ) ಹಾಳಾಗಿರಬಹುದು. ಅದು ಕಡಿಮೆ ಖರ್ಚಿನ ರಿಪೇರಿ. ಎಷ್ಟು ಕ್ಲೀನಿಂಗ್ ಮಾಡಿದರೂ ಅದೇ ಜಾಗ ಖಾಲಿ ಇದ್ದರೆ ಬಹಳ ಸಲ ನಾಝಲ್‌ಗಳಿರುವ ಹೆಡ್ಡಿನಲ್ಲೇ ದೋಷ. ಹೆಡ್ ಬದಲಿಸುವುದು ಇಡೀ ಮೆಷಿನಿನಲ್ಲೇ ದುಬಾರಿ ರಿಪೇರಿಗಳಲ್ಲಿ ಒಂದು. ಆದ್ದರಿಂದ ನಿಮ್ಮ ಕಣ್ಣೆದುರೇ ನಾಝಲ್ ಚೆಕ್ ತೆಗೆಸಿ, ಒಂದೊಂದು ಬಣ್ಣದ್ದೂ ತುಂಬಿದ ಚೌಕ ಹೊಡೆಸಿ. ಆಮೇಲೆ ಮೆಷಿನ್ನನ್ನು ಸುಮ್ನೆ ಸ್ವಲ್ಪ ಹೊತ್ತು ಬಿಟ್ಟು, ಕ್ಲೀನಿಂಗ್ ಮಾಡದೆ ಮತ್ತೊಂದು ಚೆಕ್ ತೆಗೆಸಿ. ನೀವು ಬರುವ ಮುಂಚೆಯೇ ಜೋರಾಗಿ ಕ್ಲೀನ್ ಮಾಡಿಟ್ಟಿದ್ದರೆ ಎರಡನೇ ಚೆಕ್ಕಿನಲ್ಲಿ ನಿಜ ಬಯಲಾಗುವ ಸಾಧ್ಯತೆ ಹೆಚ್ಚು.

ಸೆಕೆಂಡ್ ಹ್ಯಾಂಡ್ ಮೆಷಿನ್ ಕೊಳ್ಳುವವರು ರಿಪ್ ಸಾಫ್ಟ್‌ವೇರ್ ಬಗ್ಗೆ ಕೇಳಲೇಬೇಕು. ಫೈಲನ್ನು ಪ್ರಿಂಟರಿಗೆ ಅರ್ಥವಾಗುವಂತೆ ಮಾಡಿ, ಕಟ್ ಗುರುತುಗಳನ್ನೂ ಸೇರಿಸುವುದು ಅದೇ. ಹಲವು ರಿಪ್‌ಗಳಿಗೆ ಡಾಂಗಲ್ ಅನ್ನುವ ಚಿಕ್ಕ ಯುಎಸ್‌ಬಿ ಕೀ ಬೇಕು, ಇಲ್ಲವೇ ಲೈಸೆನ್ಸ್ ಬೇಕು. ನಮಗೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಕಾಪಿ ಹೊಡೆದ ರಿಪ್. ಕಂಪ್ಯೂಟರ್ ಅಪ್‌ಡೇಟ್ ಆದದ್ದೇ ತಡ, ಅದು ತೆರೆಯಲೇ ಇಲ್ಲ. ಆರ್ಡರ್ ಕೈಯಲ್ಲಿಟ್ಟುಕೊಂಡು ಕೂರಬೇಕಾಯಿತು. ಇನ್ನೊಂದು ಮಾತು: ಪ್ರಿಂಟರ್ ಒಂದು ಕಂಪನಿಯದು, ಕಟರ್ ಇನ್ನೊಂದು ಕಂಪನಿಯದು ಆದರೆ, ರಿಪ್ ಹಾಕುವ ಗುರುತನ್ನು ಆ ಕಟರ್ ಓದುತ್ತದೆಯೇ ಅಂತ ಮಾಡಿ ತೋರಿಸಲು ಹೇಳಿ. "ಓದುತ್ತೆ" ಅನ್ನುವ ಬಾಯಿಮಾತು ಬೇಡ.

ಸಾಫ್ಟ್‌ವೇರಿನ ವಿಷಯ ಮನೆಬಳಕೆಯ ಚಿಕ್ಕ ಕಟರ್‌ಗಳಿಗೂ ಅನ್ವಯ. 2021ರ ಮಾರ್ಚಿನಲ್ಲಿ ಕ್ರಿಕಟ್ ಕಂಪನಿ, ತಿಂಗಳ ಚಂದಾ ಕಟ್ಟದವರು ತಿಂಗಳಿಗೆ 20 ಡಿಸೈನ್ ಮಾತ್ರ ಅಪ್‌ಲೋಡ್ ಮಾಡಬಹುದು ಅಂತ ನಿಯಮ ತರುವುದಾಗಿ ಹೇಳಿತ್ತು. ಬಳಸುವವರು ಗಲಾಟೆ ಮಾಡಿದ ಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಹೊಟ್ಟೆಪಾಡಿನ ಕೆಲಸಕ್ಕೆ ಕೊಳ್ಳುವ ಕಟರ್ ಇಂಟರ್ನೆಟ್ ಇಲ್ಲದೆಯೂ, ಬೇರೆ ಸಾಫ್ಟ್‌ವೇರಿನಿಂದಲೂ ಓಡುವಂತಿರಲಿ ಅಂತ ನಾನು ಹೇಳುವುದು ಇದಕ್ಕೇ.

ಪ್ರಿಂಟರ್, ಕಟರ್ ಎರಡೂ ಒಂದರಲ್ಲೇ ಇರುವ ಮೆಷಿನ್‌ಗಳೂ ಇವೆ, ರೋಲ್ಯಾಂಡ್ ಬಿಎನ್-20 ಥರದವು. ಹಾಳೆ ತೆಗೆಯದೆ ಅಲ್ಲೇ ಕತ್ತರಿಸುವುದರಿಂದ ಹೊಂದಾಣಿಕೆಯ ತಲೆನೋವು ಕಡಿಮೆ. ಆದರೆ ಕತ್ತರಿಸುವಾಗ ಪ್ರಿಂಟ್ ನಿಲ್ಲುತ್ತದೆ. ಲ್ಯಾಮಿನೇಷನ್ ಬೇಕಿದ್ದರೆ ಹಾಳೆ ಹೊರಗೆ ತೆಗೆಯಲೇಬೇಕು, ಆಗ ಮತ್ತೆ ಗುರುತು ಓದಿಸಬೇಕು. ಹೊರಗೆ ಹಚ್ಚುವ ಸ್ಟಿಕರ್ ಮಾಡುವವರಿಗೆ ಎರಡು ಬೇರೆ ಮೆಷಿನ್ನೇ ಸರಿ ಅಂತ ನನ್ನ ಅಭಿಪ್ರಾಯ.

ಲ್ಯಾಮಿನೇಷನ್ ಅಂದಾಗ ನೆನಪಾಯಿತು. "ಪ್ರಿಂಟ್ ಆದ ಕೂಡಲೇ ಲ್ಯಾಮಿನೇಟ್ ಮಾಡಿ ಕೊಡಬಹುದು" ಅಂತಲೂ ಡೀಲರ್ ಹೇಳಿದ್ದರು. ನಂಬಬೇಡಿ. ಸಾಲ್ವೆಂಟ್ ಇಂಕ್ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗೆ ಇನ್ನೂ ಆವಿ ಇರುತ್ತದೆ. ಸಾಮಾನ್ಯವಾಗಿ 24 ಗಂಟೆಯಾದರೂ ಗಾಳಿಗೆ ಬಿಡಬೇಕು, ರೋಲನ್ನು ಬಿಗಿಯಾಗಿ ಸುತ್ತಿಡದೆ ಸಡಿಲವಾಗಿಡಬೇಕು. ಇಲ್ಲದಿದ್ದರೆ ಆ ಸಾಲ್ವೆಂಟ್ ಅಂಟಿನೊಳಗೆ ಇಳಿದು, ಸ್ಟಿಕರಿನ ಅಂಚು ಏಳುತ್ತದೆ. ಹಾಗೆಯೇ ಆಫೀಸಿನ ಡೈ ಇಂಕ್ (ನೀರಿನಲ್ಲಿ ಕರಗಿದ ಬಣ್ಣದ ಇಂಕ್) ಪ್ರಿಂಟರಿನಲ್ಲಿ ಹೊರಾಂಗಣ ಸ್ಟಿಕರ್ ಮಾಡಬಹುದು ಅಂದರೂ ಒಪ್ಪಬೇಡಿ, ಬಿಸಿಲಿಗೆ ಬೇಗ ಮಾಸುತ್ತದೆ. ಪಾರದರ್ಶಕ ಸ್ಟಿಕರ್, ಕಪ್ಪು ಗಾಜಿನ ಸ್ಟಿಕರ್ ಮಾಡುವ ಆಸೆ ಇದ್ದರೆ ಬಿಳಿ ಇಂಕ್ ಇರುವ ಪ್ರಿಂಟರ್ ಬೇಕು. ಬಿಳಿ ಇಂಕಿನ ಪುಡಿ ಭಾರವಾದ್ದರಿಂದ ತಳಕ್ಕೆ ಕೂರುತ್ತದೆ, ದಿನವೂ ಓಡಿಸದಿದ್ದರೆ ಹೆಡ್ ಕಟ್ಟಿಕೊಳ್ಳುತ್ತದೆ.

ದೂರು ಕೊಟ್ಟಾಗ ಡೀಲರ್ ಕೊಟ್ಟ ಉತ್ತರ, "ನಿಮಗೆ ಮೆಷಿನ್ ಬಳಸಲು ಬರುವುದಿಲ್ಲ." ಬಿಲ್ಲಿನಲ್ಲಿ ಬರೆದಿದ್ದದ್ದು "ಕಟರ್, 1" ಅಂತ ಮಾತ್ರ. ಬಾಯಲ್ಲಿ ಹೇಳಿದ ಒಂದು ಗುಣವೂ ಕಾಗದದಲ್ಲಿರಲಿಲ್ಲ. ಆದ್ದರಿಂದ ಬಿಲ್ಲಿನಲ್ಲೇ ಮಾಡೆಲ್ ಸಂಖ್ಯೆ, "ತಾನಾಗಿ ಗುರುತು ಓದುವ ಆಪ್ಟಿಕಲ್ ಸೆನ್ಸರ್ ಇದೆ", "ರಿಪ್ ಲೈಸೆನ್ಸ್ ಸಹಿತ", ಹೆಡ್ಡಿಗೆ ವಾರಂಟಿ ಇದೆಯೋ ಇಲ್ಲವೋ ಅನ್ನುವುದನ್ನು ಬರೆಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಅದೇ ನಿಮಗೆ ಉತ್ತರ.

ಈಗಾಗಲೇ ಲೇಸರ್ ಪಾಯಿಂಟರಿನ ಕಟರ್ ಕೊಂಡು ಒದ್ದಾಡುತ್ತಿರುವವರಿಗೂ ಒಂದೆರಡು ದಾರಿ ಇದೆ. ಉದ್ದ ರೋಲ್ ಹಾಕಬೇಡಿ, ಕೆಲಸವನ್ನು ಚಿಕ್ಕ ಚಿಕ್ಕ ಹಾಳೆಯಾಗಿ ಮುರಿದು ಪ್ರತಿಯೊಂದಕ್ಕೂ ಬೇರೆ ಗುರುತು ಕೊಡಿ. ಬ್ಲೀಡ್ ಹೆಚ್ಚು ಮಾಡಿ, ಅಕ್ಷರಗಳನ್ನು ಅಂಚಿನಿಂದ ಒಳಗೆ ತನ್ನಿ. ಡಿಸೈನಿನ ಸುತ್ತ ಬೇಕೆಂತಲೇ ಅಗಲವಾದ ಬಿಳಿ ಅಂಚು ಬಿಟ್ಟರೆ ಸ್ವಲ್ಪ ಸರಿದದ್ದು ಗೊತ್ತಾಗುವುದಿಲ್ಲ. ಆಪ್ಟಿಕಲ್ ಸೆನ್ಸರ್ ಇದ್ದೂ ಹೊಳಪಿನ ಲ್ಯಾಮಿನೇಷನ್ ಮೇಲೆ ಗುರುತು ಸಿಗುತ್ತಿಲ್ಲ ಅನ್ನುವವರು, ಗುರುತಿನ ಮೇಲೆ ಹೊಳಪಿಲ್ಲದ ಪಾರದರ್ಶಕ ಟೇಪಿನ ಚಿಕ್ಕ ತುಂಡು ಅಂಟಿಸಿ ನೋಡಿ. ಹೊಳಪಿನ ಪ್ರತಿಫಲನ ಕಡಿಮೆಯಾಗಿ ಸೆನ್ಸರ್ ಓದುವುದುಂಟು.